ಕೆಲಸದ ಜಾಗದಲ್ಲಿ ಜನ ಯಾಕೆ ಹಾಗೆ ಮಾಡುತ್ತಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಸಹಕಾರಿ ಸಂಘ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಯೋಜನೆ) ಘಟಕ, ಶಾಲೆ, ಅಡಿಕೆ ಅಂಗಡಿ, ಜವಳಿ ಮಳಿಗೆ, ಸಣ್ಣ ಆಸ್ಪತ್ರೆ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಐದರಿಂದ ಅರವತ್ತು ಜನ ಕೆಲಸ ಮಾಡುವ ಜಾಗಗಳನ್ನು ಮನಸ್ಸಿನಲ್ಲಿಟ್ಟು ಉತ್ತರ ಬರೆದಿದ್ದೇವೆ. ಇಲ್ಲಿನ ಉದಾಹರಣೆಗಳು ವಿಷಯ ಬಿಡಿಸಲು ಕಟ್ಟಿದವು, ಯಾವುದೋ ಒಂದು ಸಂಸ್ಥೆಯ ಕಥೆಯೆಂದು ಓದಬೇಡಿ.

‘ಸಂಸ್ಥಾ ವರ್ತನೆ’ ಎಂದರೆ ಏನು? ಇದು ಮನಶ್ಶಾಸ್ತ್ರವೋ ಮ್ಯಾನೇಜ್‌ಮೆಂಟೋ?

ಎರಡರ ನಡುವಿನದು. ಒಬ್ಬ ವ್ಯಕ್ತಿ, ಅವನ ಗುಂಪು, ಇಡೀ ಸಂಸ್ಥೆ, ಹೀಗೆ ಮೂರು ಮಟ್ಟದಲ್ಲಿ ಜನರ ಯೋಚನೆ, ಭಾವನೆ, ನಡತೆ ನೋಡುವ ವಿದ್ಯೆ. ಇದರ ಬುಡದಲ್ಲಿರುವ ಮಾತನ್ನು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1936ರಲ್ಲಿ ಒಂದು ಸೂತ್ರವಾಗಿ ಬರೆದ: ಮನುಷ್ಯನ ವರ್ತನೆಯನ್ನು ನಿರ್ಧರಿಸುವುದು ಅವನು ಮತ್ತು ಅವನ ಸುತ್ತಣ ಪರಿಸ್ಥಿತಿ, ಎರಡೂ ಸೇರಿ. ಕೇಳಲು ಸಪ್ಪೆ. ಆದರೆ ಮನುಷ್ಯನನ್ನು ತಿದ್ದಲು ವರ್ಷಗಳು ಬೇಕು, ಮೇಜಿನ ಜಾಗ, ಪಾಳಿಯ ಸಮಯ, ಲೆಕ್ಕ ಹಾಕುವ ರೀತಿ ತಿದ್ದಲು ಒಂದು ವಾರ ಸಾಕು. ಹಾಗಿದ್ದೂ ಹೆಚ್ಚಿನವರು ಮೊದಲು ಕೈ ಹಾಕುವುದು ಮನುಷ್ಯನಿಗೇ.

ನಮ್ಮ ಗುಮಾಸ್ತ ದಿನಾ ತಡ. ಎಷ್ಟು ಹೇಳಿದರೂ ಅಷ್ಟೆ. ಇದು ಉದಾಸೀನವಲ್ಲದೆ ಮತ್ತೆಂಥ?

ಇರಬಹುದು. ಆದರೆ ಹಾಗೆ ತೀರ್ಮಾನಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಹೆರಾಲ್ಡ್ ಕೆಲ್ಲಿ 1967ರಲ್ಲಿ ಕೊಟ್ಟ ಕ್ರಮ ಇದು. ಇದೇ ಕೆಲಸದಲ್ಲಿ ಉಳಿದವರೂ ಹೀಗೆಯೇ ಮಾಡುತ್ತಾರೆಯೇ? ಈತ ಬೇರೆ ಕೆಲಸಗಳಲ್ಲೂ ಹೀಗೆಯೇ? ಯಾವಾಗಲೂ ಹೀಗೆಯೇ, ಅಥವಾ ಕೆಲವು ದಿನ ಮಾತ್ರವೇ?

ಎರಡು ವಾರ ಬಂದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಬರೆದಿಡಿ. ‘ತಡ’ ಎಂದು ಬರೆದರೆ ಉಪಯೋಗವಿಲ್ಲ, ‘9.52’ ಎಂದು ಬರೆಯಿರಿ. ಹತ್ತು ದಿನದಲ್ಲಿ ಏಳು ದಿನ 9.50ರಿಂದ 9.55ರ ಒಳಗೇ ಬಂದಿದ್ದರೆ ಅದು ಬಸ್ಸಿನ ಸಮಯ. ಪೆರ್ಲ ಕಡೆಯಿಂದ ಕುಂಬಳೆಗೆ ಬರುವವನಿಗೆ ಹಿಂದಿನ ಬಸ್ಸು ಹಿಡಿಯಬೇಕಾದರೆ ಮುಕ್ಕಾಲು ಗಂಟೆ ಮೊದಲೇ ಮನೆ ಬಿಡಬೇಕಾಗಬಹುದು, ಮಗುವನ್ನು ಅಂಗನವಾಡಿಗೆ ಬಿಡುವವರು ಯಾರೂ ಇಲ್ಲದಿರಬಹುದು. ಅದೇ 9.35, 10.20, 9.58, 10.40 ಎಂದು ಚೆಲ್ಲಾಪಿಲ್ಲಿಯಾಗಿದ್ದರೆ, ಜತೆಗೆ ಮಧ್ಯಾಹ್ನದ ಊಟದಿಂದಲೂ ತಡವಾಗಿ ಬರುವವನಾದರೆ, ಆಗ ನಿಮ್ಮ ಅನುಮಾನಕ್ಕೆ ಬಲ ಬಂತು. ಮೊದಲನೆಯದಕ್ಕೆ ಮದ್ದು ಸಮಯ ಬದಲಿಸುವುದು: 10ಕ್ಕೆ ಬಂದು 5.30ರವರೆಗೆ ಇರಲಿ. ಎರಡನೆಯದಕ್ಕೆ ಮಾತುಕತೆ. ಎರಡಕ್ಕೂ ಒಂದೇ ಮೆಮೊ ಕೊಟ್ಟರೆ ಮೊದಲನೆಯವನು ಕೆಲಸ ಬಿಡುತ್ತಾನೆ, ಎರಡನೆಯವನು ಉಳಿಯುತ್ತಾನೆ.

ನಾವು ತಡವಾದರೆ ಮಳೆ, ರೈಲ್ವೇ ಗೇಟು. ಬೇರೆಯವರು ತಡವಾದರೆ ಅವರ ಸ್ವಭಾವ. ಈ ಎಡವಟ್ಟಿಗೆ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣಾ ದೋಷ’ ಎಂಬ ಹೆಸರಿಟ್ಟ. ಇದರಿಂದ ಯಾರೂ ಪೂರ್ತಿ ತಪ್ಪಿಸಿಕೊಂಡಿಲ್ಲ, ಈ ವಿಷಯ ಪಾಠ ಮಾಡುವವರೂ ಸೇರಿ.

ಹಾಥಾರ್ನ್ ಪ್ರಯೋಗದ ಸಾರ ‘ಗಮನ ಕೊಟ್ಟರೆ ಕೆಲಸ ಹೆಚ್ಚುತ್ತದೆ’ ಎಂದು ತರಬೇತಿಯಲ್ಲಿ ಹೇಳಿದರು. ಅಷ್ಟೇ ಏನು?

ಅದು ಅರ್ಧ ಕಥೆ. ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಹಲವು ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದಾಗಲೂ ತಗ್ಗಿಸಿದಾಗಲೂ ಉತ್ಪಾದನೆ ಏರಿತು ಎಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ. ರಿಲೇ (ಟೆಲಿಫೋನ್ ವ್ಯವಸ್ಥೆಯ ಒಂದು ಬಿಡಿಭಾಗ) ಜೋಡಿಸುವ ಕೋಣೆಯಲ್ಲಿ ಐವರು ಹುಡುಗಿಯರ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗದಲ್ಲಿ, ಸಹಕರಿಸುವುದಿಲ್ಲ ಎಂದು ಇಬ್ಬರನ್ನು 1928ರಲ್ಲಿ ತೆಗೆದು ಬೇರೆ ಇಬ್ಬರನ್ನು ಕೂರಿಸಿದ್ದರು ಎಂಬುದನ್ನು ಹೇಳುವವರು ಕಡಿಮೆ. ಅವರ ಸಂಬಳದ ಲೆಕ್ಕವೂ ಬದಲಾಗಿತ್ತು. ಬರೀ ‘ಗಮನ’ದಿಂದ ಎಷ್ಟು ಏರಿತು ಎಂದು ಬಿಡಿಸಿ ಹೇಳಲು ಆಗದು.

ನಮ್ಮ ಕೆಲಸಕ್ಕೆ ಹೆಚ್ಚು ಬೆಲೆಯದು 1931–32ರ ತಂತಿ ಜೋಡಿಸುವ ಕೋಣೆಯ ಪ್ರಯೋಗ. ಅಲ್ಲಿ 14 ಗಂಡಸರು. ಹೆಚ್ಚು ಮಾಡಿದರೆ ಹೆಚ್ಚು ಹಣ ಎಂಬ ವ್ಯವಸ್ಥೆ ಇದ್ದರೂ ಅವರು ತಮ್ಮೊಳಗೇ ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊಂಡಿದ್ದರು. ಮಿತಿ ಮೀರಿದವನ ರಟ್ಟೆಗೆ ಒಂದು ಗುದ್ದು, ಮೇಲಿನವರಿಗೆ ಚಾಡಿ ಹೇಳಿದವನಿಗೆ ಬಹಿಷ್ಕಾರ. ಕೆಲಸ ಹೆಚ್ಚಾದರೆ ಕಂಪೆನಿ ದರ ಇಳಿಸುತ್ತದೆ ಅಥವಾ ಕೆಲವರನ್ನು ಮನೆಗೆ ಕಳಿಸುತ್ತದೆ ಎಂಬುದು ಅವರ ಲೆಕ್ಕಾಚಾರ. ಅದರಲ್ಲಿ ದಡ್ಡತನ ಏನೂ ಕಾಣುವುದಿಲ್ಲ.

ಅಡಿಕೆ ಸುಲಿಯಲು ಕಿಲೋ ಲೆಕ್ಕದಲ್ಲಿ ಸಂಬಳ ಕೊಡುತ್ತೇವೆ, ದರವನ್ನೂ ಏರಿಸಿದೆವು. ಆದರೂ ಎಲ್ಲರ ಬುಟ್ಟಿ ಸಂಜೆಗೆ ಒಂದೇ ತೂಕ. ಯಾಕೆ?

ಮೇಲೆ ಹೇಳಿದ ತಂತಿ ಕೋಣೆಯೇ ನಿಮ್ಮ ಅಂಗಳಕ್ಕೆ ಬಂದಿದೆ. ತೂಕದ ಹೊತ್ತಿಗೆ ಗಮನಿಸಿ. ಚುರುಕಿನವಳ ಕೈ ನಾಲ್ಕು ಗಂಟೆಯ ನಂತರ ನಿಧಾನವಾಗುತ್ತದೆ, ಪಕ್ಕದವಳ ಬುಟ್ಟಿಯನ್ನು ಒಮ್ಮೆ ನೋಡುತ್ತಾಳೆ, ಸಿಪ್ಪೆ ಬಾಚಿ ಗೋಣಿಗೆ ತುಂಬಿಸಲು ಏಳುತ್ತಾಳೆ. ನಾಳೆಯೂ ಅವರ ಜತೆಗೇ ಕೂತು ಸುಲಿಯಬೇಕು, ಅವರ ಜತೆಗೇ ಜೀಪು ಹತ್ತಬೇಕು. ಎರಡು ಕಿಲೋದ ಕೂಲಿಗಿಂತ ಆ ಸ್ನೇಹ ದೊಡ್ಡದು.

ಮಾಡಬಹುದಾದ್ದು ಇಷ್ಟು. ಈ ಹಂಗಾಮು ಮುಗಿಯುವ ತನಕ ದರ ಇಳಿಸುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಒಮ್ಮೆ ಇಳಿಸಿದರೆ ಮೂರು ಹಂಗಾಮು ಯಾರೂ ನಂಬುವುದಿಲ್ಲ. ಒಬ್ಬೊಬ್ಬರ ತೂಕವನ್ನು ಎಲ್ಲರ ಮುಂದೆ ಕೂಗಿ ಹೇಳಬೇಡಿ. ‘ನೋಡಿ, ಇವಳು ಎಷ್ಟು ಮಾಡಿದ್ದಾಳೆ’ ಎಂಬ ಹೊಗಳಿಕೆಯಂತೂ ಬೇಡವೇ ಬೇಡ, ಹೊಗಳಿಸಿಕೊಂಡವಳು ಮರುದಿನ ಅದರ ಬೆಲೆ ತೆರುತ್ತಾಳೆ. ಇಡೀ ಗುಂಪಿಗೆ ಒಂದು ಗುರಿ ಇಟ್ಟು, ದಾಟಿದರೆ ಎಲ್ಲರಿಗೂ ಸಮಾನ ಹೆಚ್ಚುವರಿ ಕೊಡುವುದು ಇಂಥಲ್ಲಿ ಚೆನ್ನಾಗಿ ಹೊಂದುತ್ತದೆ. ಅವಸರದ ಸುಲಿತದಲ್ಲಿ ಪಟೋರ, ಕರಿಗೋಟು ಎಂಬ ಕೀಳು ದರ್ಜೆಯ ಅಡಿಕೆ ಎಲ್ಲ ಒಳ್ಳೆಯ ಚಾಲಿಯ (ಒಣಗಿಸಿ ಸುಲಿದ ಅಡಿಕೆ) ಜತೆ ಬೆರೆತು ಬರುತ್ತದೆ. ತೂಕಕ್ಕೆ ಮಾತ್ರ ಹಣ ಕೊಟ್ಟು ಹೆಕ್ಕುವುದು ಪುಕ್ಕಟೆ ಎಂದರೆ ಅದು ಆಗಿಯೇ ಆಗುತ್ತದೆ. ಹೆಕ್ಕುವ ಕೆಲಸಕ್ಕೆ ದಿನದ ಸಂಬಳದಲ್ಲಿ ಬೇರೆಯೇ ಒಬ್ಬರನ್ನು ಇಡಿ.

ಸಂಬಳ ಏರಿಸಿ ಮೂರು ತಿಂಗಳಾಗಲಿಲ್ಲ, ಮತ್ತೆ ಅದೇ ಸಪ್ಪೆ ಮುಖ. ಎಷ್ಟು ಕೊಟ್ಟರೆ ಸಾಕು?

ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಹೇಳಿದ್ದು: ಅಸಮಾಧಾನದ ಕಾರಣಗಳೂ ತೃಪ್ತಿಯ ಕಾರಣಗಳೂ ಬೇರೆ ಬೇರೆ. ಸಂಬಳ, ಕೂರುವ ಜಾಗ, ಮೇಲಿನವರ ವರ್ತನೆ ಕೆಟ್ಟರೆ ಸಿಟ್ಟು ಬರುತ್ತದೆ, ಸರಿಯಾದರೆ ಸಿಟ್ಟು ಹೋಗುತ್ತದೆ, ಅಷ್ಟೆ. ಉತ್ಸಾಹ ಬರುವುದು ಕೆಲಸದಿಂದಲೇ: ಹೊಣೆ, ಸಾಧನೆ, ಮನ್ನಣೆ, ಮೇಲೇರುವ ದಾರಿ. ಈ ವಿಂಗಡಣೆ ಎಲ್ಲ ಕಡೆ ಇಷ್ಟು ಅಚ್ಚುಕಟ್ಟಾಗಿ ನಿಲ್ಲುವುದಿಲ್ಲ ಎಂಬ ಟೀಕೆ ಇದೆ. ಕಡಿಮೆ ಸಂಬಳದವರ ಎದುರು ಇದನ್ನು ಎತ್ತಿ ‘ಹಣ ಮುಖ್ಯವಲ್ಲ’ ಎಂದು ಭಾಷಣ ಮಾಡುವುದು ಶುದ್ಧ ದುರುಪಯೋಗ.

ಸಂಬಳದ ವಿಷಯದಲ್ಲಿ ನಿಜವಾಗಿ ಕುಟುಕುವುದು ಹೋಲಿಕೆ. ತಾನು ಹಾಕಿದ್ದು, ತನಗೆ ಬಂದದ್ದು, ಪಕ್ಕದವನು ಹಾಕಿದ್ದು, ಅವನಿಗೆ ಬಂದದ್ದು ಎಂಬ ಈ ತಕ್ಕಡಿಯ ಬಗ್ಗೆ ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ಬರೆದ. ಕಾಸರಗೋಡಿನಲ್ಲಿ ‘ಪಕ್ಕದವನು’ ಪಕ್ಕದ ಮೇಜಿನವನೇ ಆಗಬೇಕೆಂದಿಲ್ಲ. ದುಬೈಯಲ್ಲಿರುವ ಭಾವ, ಮಂಗಳೂರಿನ ಆಸ್ಪತ್ರೆಯಲ್ಲಿರುವ ಕ್ಲಾಸ್‌ಮೇಟು, ಪಿಎಸ್‌ಸಿ ಬರೆದು ಸರ್ಕಾರಿ ಕೆಲಸ ಹಿಡಿದ ತಂಗಿ, ಎಲ್ಲರೂ ಆ ತಕ್ಕಡಿಯಲ್ಲಿ ಕೂರುತ್ತಾರೆ. ಅವರ ಜತೆ ನೀವು ಸ್ಪರ್ಧಿಸಲಾರಿರಿ. ನಿಮ್ಮ ಕೈಲಿರುವುದು ಒಳಗಿನ ತಕ್ಕಡಿ: ಯಾರಿಗೆ ಎಷ್ಟು, ಯಾವ ಲೆಕ್ಕದಲ್ಲಿ, ಮುಂದಿನ ಏರಿಕೆ ಯಾವ ತಿಂಗಳು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಅರ್ಧ ಗೊಣಗಾಟ ನಿಲ್ಲುತ್ತದೆ. ಲೆಕ್ಕ ಗುಟ್ಟಾಗಿದ್ದರೆ ಪ್ರತಿಯೊಬ್ಬನೂ ಬೇರೆಯವನ ಸಂಬಳವನ್ನು ಇದ್ದದ್ದಕ್ಕಿಂತ ಹೆಚ್ಚಾಗಿಯೇ ಊಹಿಸುತ್ತಾನೆ.

ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮುಗಿದ ಮೇಲೆ ಜಗಲಿಯಲ್ಲಿ, ಚಾ ಅಂಗಡಿಯಲ್ಲಿ ಎಲ್ಲರಿಗೂ ಮಾತು. ಏನು ಮಾಡುವುದು?

ಹೆಚ್ಚು ಬರುವ ಪ್ರಶ್ನೆ ಇದೇ. ಸಾಧಾರಣವಾಗಿ ಮೀಟಿಂಗು ಹೀಗೆ ನಡೆಯುತ್ತದೆ: ಅಧ್ಯಕ್ಷರು ವಿಷಯ ಮಂಡಿಸುತ್ತಾರೆ, ತಮ್ಮ ಅಭಿಪ್ರಾಯವನ್ನೂ ಅದರ ಜತೆಗೇ ಹೇಳಿಬಿಡುತ್ತಾರೆ, ‘ಯಾರಿಗಾದರೂ ಎಂಥಾದ್ರೂ ಹೇಳ್ಲಿಕ್ಕುಂಟಾ?’ ಎಂದು ಕೇಳಿ ಎರಡು ಸೆಕೆಂಡು ಕಾಯುತ್ತಾರೆ, ಚಾ ಬರುತ್ತದೆ.

ಸಾಲಮನ್ ಆಶ್ 1951ರಲ್ಲಿ ಮಾಡಿದ ಪ್ರಯೋಗ ನೆನಪಿಡಿ. ಯಾವ ಗೆರೆ ಎಷ್ಟು ಉದ್ದ ಎಂಬ, ಮಕ್ಕಳೂ ಹೇಳಬಲ್ಲ ಪ್ರಶ್ನೆಗೆ, ಸುತ್ತ ಕೂತವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೊಳಗಾದವರು ಸುಮಾರು ಮೂರರಲ್ಲೊಂದು ಸಲ ಅದೇ ತಪ್ಪನ್ನು ಹೇಳಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಆ ತಲೆಯಾಡಿಸುವಿಕೆ ತೀರಾ ಇಳಿಯಿತು. ಅಂದರೆ ನಿಮಗೆ ಬೇಕಾದದ್ದು ಬೇರೆ ಮಾತು ಹೇಳುವ ಮೊದಲ ಒಬ್ಬ. ಅವನು ತಾನಾಗಿ ಎದ್ದು ಬರಲಿ ಎಂದು ಕಾದರೆ ಬರುವುದಿಲ್ಲ, ಅವನಿಗೆ ಜಾಗ ಮಾಡಿಕೊಡಬೇಕು.

ಕ್ರಮ ಹೀಗಿರಲಿ. ವಿಷಯಸೂಚಿ ಎರಡು ದಿನ ಮೊದಲು ಕೈಸೇರಬೇಕು. ಮುಖ್ಯ ವಿಷಯ ಬಂದಾಗ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು ಮೂರು ನಿಮಿಷ ಸುಮ್ಮನೆ ಬರೆಯಲು ಬಿಡಿ: ‘ಇದರಲ್ಲಿ ಎಡವಬಹುದಾದ ಒಂದು ಜಾಗ’. ಚೀಟಿಗೆ ಹೆಸರು ಬೇಡ, ಒಬ್ಬರು ಎಲ್ಲವನ್ನೂ ಓದಲಿ. ಆಮೇಲೆ ಮಾತು ಹೊಸಬರಿಂದ, ಕಿರಿಯರಿಂದ ಸುರುವಾಗಲಿ. ಅಧ್ಯಕ್ಷರು, ಸೆಕ್ರೆಟರಿ ಕೊನೆಗೆ. ಅಧ್ಯಕ್ಷರ ಅಭಿಪ್ರಾಯ ಮೊದಲೇ ಹೊರಬಿದ್ದರೆ ಉಳಿದದ್ದೆಲ್ಲ ನಾಟಕ. ಒಬ್ಬರಿಗೆ ಪ್ರತಿ ಸಲ ಸರದಿಯಂತೆ ‘ಇಂದು ಆಕ್ಷೇಪ ಎತ್ತುವುದು ನಿಮ್ಮ ಕೆಲಸ’ ಎಂದು ವಹಿಸಿ. ಕೆಲಸವಾಗಿ ವಹಿಸಿದ್ದರಿಂದ ಅದು ಜಗಳ ಎನಿಸುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡು ಕಾಯಿರಿ. ಮನಸ್ಸಿನಲ್ಲಿ ಎಣಿಸಿ ನೋಡಿ, ಹತ್ತು ಎಷ್ಟು ಉದ್ದ ಎಂದು ಗೊತ್ತಾಗುತ್ತದೆ.

ಇದೆಲ್ಲ ಹಾಳಾಗುವುದು ಒಂದೇ ಕಡೆ. ಯಾರೋ ಧೈರ್ಯ ಮಾಡಿ ಒಂದು ತಪ್ಪನ್ನು ಎತ್ತಿ ಹೇಳಿದಾಗ ‘ಇಷ್ಟು ದಿನ ನೀವು ಎಲ್ಲಿದ್ದಿರಿ?’ ಎಂಬ ಒಂದು ಮಾತು. ಅಲ್ಲಿಗೆ ಆರು ತಿಂಗಳ ಶ್ರಮ ಹೋಯಿತು. ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿಯ ತಪ್ಪುಗಳನ್ನು ಎಣಿಸಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪು ಕಂಡುಬಂತು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಆಕೆ ಕೊಟ್ಟ ವಿವರಣೆ. ನಿಮ್ಮ ದೂರಿನ ಪುಸ್ತಕ ಖಾಲಿ ಇದ್ದರೆ ಹೆಮ್ಮೆಪಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ನಮ್ಮಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಮಾತೂ ಉಂಟು. ಭಾಷೆ ಇದರಲ್ಲಿ ಎಷ್ಟು ಆಟ ಆಡುತ್ತದೆ?

ತುಂಬ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಈ ತಾಲೂಕುಗಳ ಕನ್ನಡ ಶಾಲೆಯಲ್ಲಿ ಕಲಿತವರು ಮಲಯಾಳದ ಸುತ್ತೋಲೆ ಓದುತ್ತಾ ಕೆಲಸ ಮಾಡಿಕೊಂಡು ಬಂದಿದ್ದಾರೆ. ಸಂತೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಸರಾಗ. ಆದರೆ ಲೆಕ್ಕಪತ್ರದ ಬಗ್ಗೆ ಎಲ್ಲರೆದುರು ವಾದ ಮಾಡುವ ಮಲಯಾಳ ಬೇರೆ. ಎರಡನೇ ಭಾಷೆಯಲ್ಲಿ ಮಾತಾಡುವವನು ವಾಕ್ಯ ಜೋಡಿಸುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ. ಅವನ ಮೌನವನ್ನು ‘ಅವನಿಗೆ ವಿಷಯ ಗೊತ್ತಿಲ್ಲ’ ಎಂದೋ ‘ಗರ್ವ’ ಎಂದೋ ಓದುತ್ತಾರೆ. ನಮ್ಮ ಅನುಮಾನ ಏನೆಂದರೆ, ಇಲ್ಲಿ ‘ಆತ್ಮವಿಶ್ವಾಸ ಇಲ್ಲ’ ಎಂದು ವರದಿಯಲ್ಲಿ ಬರೆಸಿಕೊಂಡವರಲ್ಲಿ ಬಹಳ ಮಂದಿಗೆ ಇರುವುದು ಭಾಷೆಯ ತೊಡಕು ಮಾತ್ರ. ಕನ್ನಡ ಹೆಚ್ಚಿರುವ ಕಚೇರಿಗೆ ದಕ್ಷಿಣದಿಂದ ವರ್ಗವಾಗಿ ಬಂದವರ ಪಾಡೂ ಇದೇ, ದಿಕ್ಕು ಮಾತ್ರ ತಿರುಗಿದೆ.

ಸುತ್ತೋಲೆಯ ಒಂದು ಪ್ಯಾರಾ ಸಾರವನ್ನು ಇನ್ನೊಂದು ಭಾಷೆಯಲ್ಲಿ ಪಕ್ಕದಲ್ಲೇ ಅಂಟಿಸಿ. ಮೀಟಿಂಗಿನಲ್ಲಿ ಯಾರು ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು, ಮಿನಿಟ್ಸ್ ಬರೆಯುವವರು ತಿಳಿದುಕೊಂಡು ಬರೆಯುತ್ತಾರೆ ಎಂದು ಮೊದಲಿಗೇ ಹೇಳಿ. ಇನ್ನೊಂದು: ಹಿರಿಯರಿಬ್ಬರು ಕಷ್ಟದ ಮಾತು ಬಂದ ಕೂಡಲೇ ತಮ್ಮ ಮನೆಮಾತಿಗೆ ಜಾರುವುದು ಸಹಜ, ಆದರೆ ಆ ಭಾಷೆ ತಿಳಿಯದ ಮೂರನೆಯವರು ಅಲ್ಲಿ ಕೂತಿದ್ದರೆ ಅದು ತಮ್ಮ ಬಗ್ಗೆಯೇ ಎಂದು ಅವರು ತಿಳಿಯುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅಲ್ಲದಿದ್ದರೂ.

ಕುಟುಂಬಶ್ರೀ ಅಡುಗೆ ಘಟಕದಲ್ಲಿ ಇಬ್ಬರು ದುಡಿಯುತ್ತಾರೆ, ಉಳಿದವರು ನೋಡುತ್ತಾರೆ. ಲಾಭ ಮಾತ್ರ ಸಮಪಾಲು. ಹೇಗೆ ಸರಿಮಾಡುವುದು?

ಫ್ರೆಂಚ್ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಜನರಿಂದ ಹಗ್ಗ ಎಳೆಸಿ ಅಳೆದಿದ್ದ. ಎಂಟು ಮಂದಿ ಸೇರಿ ಎಳೆದಾಗ ಒಬ್ಬೊಬ್ಬನ ಪಾಲು ಅವನು ಒಬ್ಬನೇ ಎಳೆಯುವಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಸ್ವಲ್ಪ ಭಾಗ ತಾಳ ತಪ್ಪಿದ್ದರಿಂದ, ಉಳಿದದ್ದು ಮೈಗಳ್ಳತನದಿಂದ. 1979ರಲ್ಲಿ ಬಿಬ್ ಲಾಟನೆ ಮತ್ತು ಜತೆಯವರು ಚಪ್ಪಾಳೆ, ಕೂಗು ಅಳೆದು ಎರಡನೆಯ ಭಾಗಕ್ಕೆ ‘ಸಾಮಾಜಿಕ ಆಲಸ್ಯ’ ಎಂಬ ಹೆಸರಿಟ್ಟರು. ತನ್ನ ಪಾಲು ಯಾರಿಗೂ ಬೇರೆಯಾಗಿ ಕಾಣುವುದಿಲ್ಲ ಎಂದಾದಾಗ ಒಳ್ಳೆಯ ಜನವೂ ಸಡಿಲಾಗುತ್ತಾರೆ.

ಅಯಲ್‌ಕೂಟದಲ್ಲಿ (ಕುಟುಂಬಶ್ರೀಯ ನೆರೆಹೊರೆ ಗುಂಪು) 10ರಿಂದ 20 ಮಂದಿ ಇರುವುದು ಉಳಿತಾಯಕ್ಕೆ, ಸಾಲಕ್ಕೆ ಸರಿ. ಅದೇ ಗಾತ್ರದಲ್ಲಿ ಅಡುಗೆ ಕೆಲಸ ನಡೆಯುವುದಿಲ್ಲ. ಒಂದು ಪಾಳಿಗೆ ನಾಲ್ಕೈದು ಮಂದಿ ಸಾಕು. ಬೆಳಿಗ್ಗೆ ಐದಕ್ಕೆ ಬಂದು ಒಲೆ ಹಚ್ಚುವುದು, ತೆಂಗಿನಕಾಯಿ ತುರಿಯುವುದು, ಸಾಂಬಾರಿಗೆ ಅರೆಯುವುದು, ಬಡಿಸುವುದು, ಕ್ಯಾಶ್, ಪಾತ್ರೆ, ಇವನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಎದುರಿಗೆ ಹೆಸರು ಬರೆಯಿರಿ, ವಾರಕ್ಕೊಮ್ಮೆ ಸರದಿ ಬದಲಿಸಿ. ಜಗಳ ಯಾವಾಗಲೂ ಪಾತ್ರೆಯಲ್ಲಿ ಸುರುವಾಗುತ್ತದೆ: ಮೂರು ಗಂಟೆಗೆ ಅನ್ನದ ಚೆಂಬು ತಳ ಹಿಡಿದಿರುತ್ತದೆ, ಎಲ್ಲರಿಗೂ ಒಟ್ಟಿಗೇ ಮನೆಯ ನೆನಪಾಗುತ್ತದೆ, ಉಳಿಯುವವಳು ಒಬ್ಬಳೇ. ಆದ್ದರಿಂದ ಪಾತ್ರೆಯ ಸರದಿಯನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಲಾಭವನ್ನು ಎರಡು ಮಾಡಿ. ಒಂದು ಪಾಲು ಹಾಜರಾದ ದಿನಗಳ ಲೆಕ್ಕದಲ್ಲಿ, ಇನ್ನೊಂದು ಸಮಪಾಲು. ಪೂರ್ತಿ ಹಾಜರಿಗೇ ಕಟ್ಟಿದರೆ ಬಾಣಂತಿ, ಕಾಯಿಲೆಯವಳು ಹೊರಗೆ ಬೀಳುತ್ತಾಳೆ, ಪೂರ್ತಿ ಸಮ ಮಾಡಿದರೆ ದುಡಿದವಳು ಹೊರಗೆ ಹೋಗುತ್ತಾಳೆ.

ಯಾರ ಕೆಲಸ ಯಾರದು ಎಂಬುದು ನಿಖರವಾಗಿದ್ದರೆ ಏನಾಗುತ್ತದೆ ಎಂದು ನೋಡಬೇಕಾದರೆ ಯಕ್ಷಗಾನದ ಚೌಕಿಗೆ (ಬಣ್ಣ ಹಚ್ಚುವ ಮನೆ) ಹೋಗಿ. ಮಾತು ಬರೆದುಕೊಟ್ಟವರಿಲ್ಲ, ಆದರೂ ರಾತ್ರಿಯ ಆಟ ನಿಲ್ಲುವುದಿಲ್ಲ. ಯಾವ ವೇಷ ಎಲ್ಲಿ ಕೂರುತ್ತದೆ, ಯಾವಾಗ ಏಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ರಂಗದಲ್ಲಿ ಭಾಗವತರ ತಾಳಕ್ಕೆ ಎಲ್ಲರೂ ಬದ್ಧ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಕೆಲಸದಲ್ಲಿರುವವರು ನಮಗಿಂತ ಹಿರಿಯರು, ಕೆಲವರು ನೆಂಟರು. ತಪ್ಪನ್ನು ಹೇಳುವುದು ಹೇಗೆ?

ಸಂಬಂಧ ಕಡಿದುಕೊಂಡು ಹೇಳುವ ಅಗತ್ಯ ಇಲ್ಲ. ಮನಶ್ಶಾಸ್ತ್ರಜ್ಞ ಜೆ. ಬಿ. ಪಿ. ಸಿನ್ಹಾ ನಮ್ಮ ದೇಶದ ಸಂಸ್ಥೆಗಳನ್ನೇ ನೋಡಿ ಹೇಳಿದ ಮಾತು: ಇಲ್ಲಿ ಹೊಂದುವ ನಾಯಕ ಅಕ್ಕರೆಯನ್ನೂ ತೋರುತ್ತಾನೆ, ಕೆಲಸವನ್ನೂ ಬಿಡುವುದಿಲ್ಲ. ಅಕ್ಕರೆ ಮಾತ್ರ ಇದ್ದರೆ ಸಲಿಗೆ, ಕೆಲಸ ಮಾತ್ರ ಇದ್ದರೆ ಎದುರಾಳಿತನ.

ಇಬ್ಬರೇ ಇರುವಾಗ, ಕೂತು, ಹೇಳಿ. ಮೊದಲು ಕಂಡದ್ದು, ಆಮೇಲೆ ಅದರಿಂದ ಆದದ್ದು, ಆಮೇಲೆ ಪ್ರಶ್ನೆ:

‘ಅಣ್ಣಾ, ಕಳೆದ ವಾರ ಮೂರು ದಿನ ಕ್ಯಾಶ್ ಟ್ಯಾಲಿ ಆಗುವಾಗ ಆರು ಗಂಟೆ ದಾಟಿತು. ಇವರಿಬ್ಬರಿಗೆ ಬಸ್ಸು ತಪ್ಪಿತು. ಎಂಥ ಆಗ್ತಾ ಉಂಟು ಹೇಳಿ.’

‘ಎಂಥ ಮಾಡುದು, ಮೂರೂವರೆ ಮೇಲೆ ಪಿಗ್ಮಿ ಕಲೆಕ್ಷನ್‌ನವರು ಎಲ್ಲ ಒಟ್ಟಿಗೆ ಬರ್ತಾರೆ.’

‘ಹಾಗಾದ್ರೆ ಅವರಿಗೆ ಬೇರೆ ಬೇರೆ ಟೈಮು ಕೊಡುವ. ಬರುವ ಶುಕ್ರವಾರ ಒಮ್ಮೆ ನೋಡುವ, ಆಗದಾ?’

‘ಅಣ್ಣಾ’ ಎಂಬ ಮಾತು ಇಲ್ಲಿ ಮೆದುಮಾಡಲು ಬಂದದ್ದಲ್ಲ, ದಿನಾ ಕರೆಯುವುದೇ ಹಾಗೆ. ಈ ದಿನ ಮಾತ್ರ ‘ಸರ್’ ಎಂದರೆ ಅವರು ಜಾಗ್ರತರಾಗುತ್ತಾರೆ. ‘ನೀವು ಯಾವಾಗಲೂ ಹೀಗೆಯೇ’ ಎಂಬ ಮಾತು ಬರಬಾರದು, ‘ಕಳೆದ ವಾರ ಮೂರು ದಿನ’ ಎಂಬುದು ಬರಬೇಕು. ಮತ್ತೆ ನೋಡುವ ದಿನ ಗೊತ್ತುಮಾಡದೆ ಏಳಬೇಡಿ. ಮನೆಯ ಪೂಜೆಯಲ್ಲೋ ಮದುವೆಯಲ್ಲೋ ಸಿಕ್ಕಾಗ ಈ ವಿಷಯ ಎತ್ತಬೇಡಿ, ಅವರ ಹೆಂಡತಿಯ ಮೂಲಕವಂತೂ ಹೇಳಿಸಲೇಬೇಡಿ.

ಹೊಸ ಸಾಫ್ಟ್‌ವೇರ್ ತಂದರೆ, ಬೆರಳಚ್ಚಿನ ಹಾಜರಾತಿ ತಂದರೆ ಎಲ್ಲರಿಂದ ವಿರೋಧ. ಜನರಿಗೆ ಬದಲಾವಣೆ ಅಂದರೆ ಆಗದೇ?

ಯಾರನ್ನೂ ಕೇಳದೆ ತಂದ ಬದಲಾವಣೆ ಆಗುವುದಿಲ್ಲ. ಇದೇ ಜನ ಮೊಬೈಲ್‌ನಲ್ಲಿ ಹಣ ಕಳಿಸುವುದನ್ನು ಯಾರ ತರಬೇತಿಯೂ ಇಲ್ಲದೆ ಕಲಿತವರು.

ಅಮೆರಿಕದ ವರ್ಜೀನಿಯಾದ ಒಂದು ಪೈಜಾಮಾ ಕಾರ್ಖಾನೆಯಲ್ಲಿ ಕೋಚ್ ಮತ್ತು ಫ್ರೆಂಚ್ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪಿಗೆ ‘ನಾಳೆಯಿಂದ ಹೀಗೆ’ ಎಂದು ಹೇಳಿದರು. ಉತ್ಪಾದನೆ ಕುಸಿಯಿತು, 40 ದಿನದಲ್ಲಿ ನೂರಕ್ಕೆ 17 ಮಂದಿ ಬಿಟ್ಟುಹೋದರು. ಎಲ್ಲರನ್ನೂ ಸೇರಿಸಿಕೊಂಡು ಹೊಸ ಕ್ರಮ ರೂಪಿಸಿದ ಗುಂಪುಗಳು ಬೇಗ ಚೇತರಿಸಿ ಹಿಂದಿನ ಮಟ್ಟವನ್ನೂ ದಾಟಿದವು. ನಮ್ಮಲ್ಲೇ, ಅಹಮದಾಬಾದಿನ ಗಿರಣಿಯೊಂದರಲ್ಲಿ ಸ್ವಯಂಚಾಲಿತ ಮಗ್ಗ ತಂದಾಗ ಎಣಿಸಿದ ಲಾಭ ಬರಲಿಲ್ಲ. 1953ರಲ್ಲಿ ಬ್ರಿಟಿಷ್ ಸಂಶೋಧಕ ಎ. ಕೆ. ರೈಸ್ ಅಲ್ಲಿ ಹೋಗಿ ನೋಡಿದರೆ ಹತ್ತಾರು ಬಗೆಯ ಕೆಲಸದವರು ಯಾವ ಗುಂಪಿಗೂ ಸೇರದೆ ಮಗ್ಗದಿಂದ ಮಗ್ಗಕ್ಕೆ ಅಲೆಯುತ್ತಿದ್ದರು. ಚಿಕ್ಕ ಗುಂಪಿಗೆ ಇಷ್ಟು ಮಗ್ಗಗಳ ಪೂರ್ತಿ ಹೊಣೆ ಎಂಬ ಸಲಹೆಯನ್ನು ಕಾರ್ಮಿಕರೇ ಎತ್ತಿಕೊಂಡು ತಮ್ಮ ಗುಂಪುಗಳನ್ನು ತಾವೇ ಕಟ್ಟಿಕೊಂಡರು. ಬಟ್ಟೆ ಹೆಚ್ಚಾಯಿತು, ಹಾಳಾಗುವುದು ಕಡಿಮೆಯಾಯಿತು.

ಸಹಕಾರಿ ಸಂಘದಲ್ಲಿ ಸಾಫ್ಟ್‌ವೇರ್ ತರುವಾಗ ಕೊಳ್ಳುವ ಮೊದಲೇ ಕೌಂಟರಿನವರಿಂದ ಇಬ್ಬರನ್ನು ಕೂರಿಸಿ ನೋಡಿಸಿ. ಅವರಲ್ಲಿ ಒಬ್ಬರು ವಿರೋಧಿಸುವವರೇ ಆಗಿರಲಿ. ಮೊದಲು ಒಂದೇ ವಿಭಾಗ, ಉದಾಹರಣೆಗೆ ಚಿನ್ನದ ಸಾಲ, ನಾಲ್ಕು ವಾರ ಹಳೆಯದರ ಜತೆಗೇ ನಡೆಯಲಿ. ಆ ನಾಲ್ಕು ವಾರ ಕೆಲಸ ಇಮ್ಮಡಿ ಎಂಬುದನ್ನು ಮೊದಲೇ ಒಪ್ಪಿ ಬೇರೇನಾದರೂ ಭಾರ ಇಳಿಸಿ. ಮಾರ್ಚ್ ಕೊನೆಯಲ್ಲಿ ಸುರುಮಾಡಬೇಡಿ. ಐವತ್ತು ದಾಟಿದ ಗುಮಾಸ್ತರ ನಿಜವಾದ ಭಯ ಕಂಪ್ಯೂಟರ್ ಅಲ್ಲ, ಮೂವತ್ತು ವರ್ಷ ಎಲ್ಲರೂ ತಮ್ಮ ಹತ್ತಿರ ಕೇಳಿಕೊಂಡು ಬರುತ್ತಿದ್ದವರು ನಾಳೆಯಿಂದ ತಾವೇ ಕಿರಿಯರ ಹತ್ತಿರ ಕೇಳಬೇಕಲ್ಲ ಎಂಬುದು. ಅವರಿಗೆ ಒಂದು ವಾರ ಮೊದಲೇ, ಬೇರೆಯಾಗಿ, ಕಲಿಸಿ.

ಪಿಗ್ಮಿ (ಮನೆಬಾಗಿಲಲ್ಲಿ ದಿನಾ ಪಡೆಯುವ ಸಣ್ಣ ಠೇವಣಿ) ಸಂಗ್ರಹಕ್ಕೆ ಟಾರ್ಗೆಟ್ ಇಟ್ಟರೆ ಒಳ್ಳೆಯದೇ?

ಸ್ಪಷ್ಟ, ಸ್ವಲ್ಪ ಕಷ್ಟದ ಗುರಿ ‘ಆದಷ್ಟು ಮಾಡಿ’ ಎಂಬುದಕ್ಕಿಂತ ಒಳ್ಳೆಯದು ಎಂದು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅವರ ದಶಕಗಳ ಕೆಲಸ ತೋರಿಸಿದೆ. ಆದರೆ ಎಣಿಸಿದ್ದು ಮಾತ್ರ ಬೆಳೆಯುತ್ತದೆ. ಹೊಸ ಖಾತೆಗಳ ಸಂಖ್ಯೆ ಎಣಿಸಿದರೆ ಮಾರ್ಚ್‌ನಲ್ಲಿ ಹತ್ತು ರೂಪಾಯಿಯ ಖಾತೆಗಳು ಸಾಲುಸಾಲು ಹುಟ್ಟಿ ಜೂನ್‌ನಲ್ಲಿ ಸಾಯುತ್ತವೆ. ಆರು ತಿಂಗಳು ಬದುಕಿದ ಖಾತೆಯನ್ನು ಮಾತ್ರ ಎಣಿಸಿ. ಮಳೆಗಾಲದ ಗುರಿಯನ್ನು ಬೇರೆ ಇಡಿ. 1928ರಲ್ಲಿ ಉಡುಪಿಯ ಬ್ಯಾಂಕೊಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಾ ಪಿಗ್ಮಿ ಸುರುಮಾಡಿದಾಗ ಅದನ್ನು ನಡೆಸಿದ್ದು ಬಾಗಿಲಿಗೆ ಬರುವವನ ಮೇಲಿನ ನಂಬಿಕೆ. ಟಾರ್ಗೆಟ್‌ಗಾಗಿ ಆ ನಂಬಿಕೆಯನ್ನು ಖರ್ಚು ಮಾಡಿಸಬೇಡಿ.

ಜವಳಿ ಅಂಗಡಿಯ ಹುಡುಗಿಯರು ಸಂಜೆಗೆ ಗಿರಾಕಿಗಳ ಮೇಲೆ ಸಿಡುಕುತ್ತಾರೆ. ‘ನಗುನಗುತ್ತಾ ಇರಿ’ ಎಂದು ಬೋರ್ಡು ಹಾಕಿದೆವು.

ಬೋರ್ಡು ತೆಗೆಯಿರಿ. ಅನಿಸದ ಭಾವವನ್ನು ಮುಖದ ಮೇಲೆ ತರುವುದೂ ದುಡಿಮೆಯೇ. ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿದ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಅದಕ್ಕೆ ‘ಭಾವನಾತ್ಮಕ ದುಡಿಮೆ’ ಎಂದು ಹೆಸರಿಟ್ಟಳು. ನಲವತ್ತು ಸೀರೆ ಬಿಡಿಸಿ, ಒಂದನ್ನೂ ಕೊಳ್ಳದೆ ಎದ್ದುಹೋದವರ ಹಿಂದೆ ನಲವತ್ತನ್ನೂ ಮಡಚುವಾಗ ನಗು ಎಲ್ಲಿಂದ ಬರಬೇಕು? ಕುರ್ಚಿ ಇದೆಯೇ ನೋಡಿ. ಕೇರಳದಲ್ಲಿ 2018ರ ತಿದ್ದುಪಡಿಯ ನಂತರ ಅಂಗಡಿ ಕೆಲಸದವರಿಗೆ ಕೂರಲು ಅವಕಾಶ ಕೊಡಬೇಕೆಂಬುದು ಕಾನೂನು, ಮಾರಾಟದ ಹೆಂಗಸರು ಹೋರಾಡಿ ಪಡೆದದ್ದು. ಎರಡು ಗಂಟೆಗೊಮ್ಮೆ ಗಿರಾಕಿ ಕಾಣದ ಕೋಣೆಯಲ್ಲಿ ಹತ್ತು ನಿಮಿಷ ಬಿಡುವು ಕೊಡಿ. ಗಿರಾಕಿ ಕೆಟ್ಟದಾಗಿ ಮಾತಾಡಿದರೆ ಯಾರನ್ನು ಕರೆಯಬೇಕೆಂದು ಅವರಿಗೆ ಗೊತ್ತಿರಲಿ, ಬಂದವರು ಗಿರಾಕಿಯ ಎದುರು ಹುಡುಗಿಯನ್ನು ಬೈಯದಿರಲಿ.

ಹಬ್ಬದ ಸೀಸನ್ ಮುಗಿದು ವಾರಗಳಾದರೂ ದಣಿವು ಇಳಿಯದೆ, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗುವುದಿಲ್ಲ’ ಎಂಬ ಭಾವ ಮೂರೂ ಸೇರಿದರೆ ಅದು ಬಳಲಿ ಬೆಂದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು, ಕಾಯಿಲೆ ಎಂದಲ್ಲ. ಪಾಳಿ, ಭಾರ ಬದಲಿಸದೆ ಯೋಗ ತರಗತಿ ಇಟ್ಟರೆ ಪ್ರಯೋಜನವಿಲ್ಲ. ಮನಸ್ಸು ತೀರಾ ಕುಸಿದವರಿಗೆ ಟೆಲಿ ಮಾನಸ್ ಸಂಖ್ಯೆ 14416 ಇದೆ, ಅದನ್ನು ನೋಟಿಸ್ ಬೋರ್ಡಿಗೆ ಹಾಕಿ.

ಹೊಸಬರನ್ನು ತೆಗೆದುಕೊಳ್ಳಲು, ಜನರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ವ್ಯಕ್ತಿತ್ವ ಪರೀಕ್ಷೆ ಮಾಡಿಸಬಹುದೇ?

ಬೇಡ. ಜನರನ್ನು ಪೆಟ್ಟಿಗೆಗಳಿಗೆ ಹಾಕುವ ಅಂಥ ಪರೀಕ್ಷೆಯಿಂದ ಕೆಲಸ ಹೇಗೆ ಮಾಡುತ್ತಾರೆ ಎಂದು ತಿಳಿಯುವುದಿಲ್ಲ, ಕೆಲವು ವಾರ ಬಿಟ್ಟು ಮತ್ತೆ ಬರೆಸಿದರೆ ಅನೇಕರ ಪೆಟ್ಟಿಗೆಯೇ ಬದಲಾಗುತ್ತದೆ. ಅದರ ಬದಲು ಅರ್ಧ ಗಂಟೆ ನಿಜವಾದ ಕೆಲಸ ಕೊಡಿ: ಒಂದು ದಿನದ ವೋಚರುಗಳನ್ನು ಕೊಟ್ಟು ಟ್ಯಾಲಿ ಮಾಡಿಸಿ. ಎಲ್ಲ ಅಭ್ಯರ್ಥಿಗಳಿಗೂ ಅವೇ ಆರು ಪ್ರಶ್ನೆ ಕೇಳಿ, ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಮಾತಾಡಿ. ‘ಯಾರ ಮಗ, ಯಾವ ತರವಾಡು’ ಎಂಬುದು ಚಾ ಕುಡಿಯುವಾಗ ಬಂದರೂ ಅಂಕದ ಹಾಳೆಗೆ ಬರಬಾರದು.

ಹೆಣ್ಣುಮಕ್ಕಳಿಗೆ ಕಿರುಕುಳದ ದೂರು ಬಂದರೆ ‘ನಮ್ಮೊಳಗೇ ಮಾತಾಡಿ ಮುಗಿಸುವ’ ಎನ್ನಬಹುದೇ?

ಇಲ್ಲ. 2013ರ ಕಾನೂನಿನಂತೆ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧ ಮಂದಿ ಮಹಿಳೆಯರು, ಒಬ್ಬರು ಹೊರಗಿನವರು. ದೂರು ಘಟನೆಯ 3 ತಿಂಗಳೊಳಗೆ ಬರಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು, ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಮಂದಿ ಇದ್ದರೆ, ಅಥವಾ ದೂರು ಯಜಮಾನನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಗಳ ಆಗುತ್ತದೆ. ಮುಚ್ಚಿಬಿಡುವುದೇ?

ಮುಚ್ಚಿದರೆ ಇನ್ನೊಂದು ಗುಂಪು ಹುಟ್ಟುತ್ತದೆ, ಅದರಲ್ಲಿ ನೀವು ಇರುವುದಿಲ್ಲ. ಒಂದು ಗುಂಪನ್ನು ಸೂಚನೆಗೆ ಮಾತ್ರ ಇಡಿ, ರಾತ್ರಿ 8ರ ನಂತರ ಕೆಲಸದ ಮಾತು ಹಾಕಬೇಡಿ. ಯಾರನ್ನಾದರೂ ತಿದ್ದಬೇಕಿದ್ದರೆ ಫೋನು ಮಾಡಿ.

ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಹೆಸರಿಲ್ಲದ ಸರ್ವೇ ಮಾಡಬಹುದೇ?

ನಲವತ್ತು ಮಂದಿ ಇದ್ದರೆ ಮಾಡಿ. ಎಂಟು ಮಂದಿಯ ಕಚೇರಿಯಲ್ಲಿ ‘ಹೆಸರಿಲ್ಲದ’ ಎಂಬುದು ಸುಳ್ಳು: ಕೈಬರಹ, ಭಾಷೆ, ದೂರಿನ ವಿಷಯ ನೋಡಿದರೆ ಯಾರೆಂದು ಗೊತ್ತಾಗುತ್ತದೆ, ಬರೆಯುವವರಿಗೂ ಅದು ಗೊತ್ತು. ಅಲ್ಲಿ ಒಬ್ಬೊಬ್ಬರ ಜತೆ ಇಪ್ಪತ್ತು ನಿಮಿಷ ಮಾತಾಡಿ, ಎಲ್ಲರಿಗೂ ಇವೇ ಮೂರು ಪ್ರಶ್ನೆ: ಕಳೆದ ತಿಂಗಳು ಯಾವ ಕೆಲಸಕ್ಕೆ ನಿಮ್ಮ ಸಮಯ ಸುಮ್ಮನೆ ಹಾಳಾಯಿತು? ಯಾವ ವಿಷಯ ನಿಮಗೆ ಕೊನೆಗೆ ಗೊತ್ತಾಯಿತು? ನಾನು ಏನು ಮಾಡುವುದನ್ನು ನಿಲ್ಲಿಸಬೇಕು? ಮೂರನೆಯದಕ್ಕೆ ಮೊದಲ ಸಲ ಎಲ್ಲರೂ ‘ಏನಿಲ್ಲ’ ಎನ್ನುತ್ತಾರೆ. ಮೊದಲೆರಡರಲ್ಲಿ ಬಂದದ್ದರಲ್ಲಿ ಒಂದನ್ನು ಹದಿನೈದು ದಿನದೊಳಗೆ ಸರಿಮಾಡಿ ಎಲ್ಲರಿಗೂ ತಿಳಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಕೇಳಿ. ಕೆಲಸ ಬಿಟ್ಟುಹೋದವರನ್ನೂ ಬಿಡಬೇಡಿ. ಹೋಗುವ ದಿನ ಅವರು ‘ಮನೆಯಲ್ಲಿ ಸ್ವಲ್ಪ ತೊಂದರೆ’ ಎಂದೇ ಹೇಳುತ್ತಾರೆ. ಎರಡು ತಿಂಗಳ ನಂತರ, ಬಾಕಿ ಸಂಬಳ, ಸರ್ಟಿಫಿಕೇಟು ಎಲ್ಲ ಕೈಸೇರಿದ ಮೇಲೆ, ಒಂದು ಫೋನು ಮಾಡಿ ಕೇಳಿ.